ಹುರುಳಿಯ ಮರಳು

ಹೊಳೆನರಸೀಪುರ
೧೨ ಜೂನ್ ೨೦೨೩

ಚಿರಂಜೀವಿ ಹಂಸಳಿಗೆ ಸರಸಮ್ಮನ ಆಶೀರ್ವಾದಗಳು.

ನಾನೂ ಕೇದಾರನೂ ಕ್ಷೇಮ. ಅಭ್ಯಾಸಬಲದಿಂದ ಮೊದಲು ‘ಚಿ. ಸೌ.’ ಎಂದೇ ಬರೆದಿದ್ದೆ. ಗಂಡನ ಮನೆ ಬಿಟ್ಟು ಹೋದ ಸೊಸೆಗೆ ‘ಸೌ.’ ಬರೆಯಬಹುದೋ ಬಾರದೋ, ಯಾರನ್ನು ಕೇಳುವುದು? ಆ ಹಾಳೆ ಹರಿದು ಇನ್ನೊಂದು ತೆಗೆದುಕೊಂಡೆ. ಬೇಸರ ಮಾಡಿಕೊಳ್ಳಬೇಡ.

ನಿನ್ನ ವಿಳಾಸ ಕೊಟ್ಟವರು ನಿಮ್ಮ ಚಿಕ್ಕಮ್ಮ. ದೇವಸ್ಥಾನದಲ್ಲಿ ಸಿಕ್ಕಿದ್ದರು. ಚನ್ನರಾಯಪಟ್ಟಣದಲ್ಲಿ ಲ್ಯಾಬಿನ ಕೆಲಸಕ್ಕೆ ಸೇರಿದ್ದೀಯೆಂದೂ ಒಬ್ಬಳೇ ಮನೆ ಮಾಡಿದ್ದೀಯೆಂದೂ ಅವರಿಂದಲೇ ತಿಳಿಯಿತು. ಫೋನು ಮಾಡೋಣವೆಂದರೆ ನನ್ನ ಕಿವಿಯ ಕಥೆ ನಿನಗೆ ಗೊತ್ತು. ನೀನು ಹೋದ ಮೇಲೆ ಬಲಗಿವಿಯೂ ಕೈಕೊಟ್ಟಿತು. ಹಾಸನದಲ್ಲಿ ಕೊಡಿಸಿದ ಮಿಷನ್ನು ಕುಯ್ ಎಂದು ಸಿಳ್ಳೆ ಹಾಕುತ್ತದೆಯೇ ಹೊರತು ಮಾತು ಕೇಳಿಸುವುದಿಲ್ಲ. ಆದ್ದರಿಂದ ಕಾಗದ.

ವಿಷಯ ನಿನ್ನ ಬೆಕ್ಕಿನದು. ನೀನಿದ್ದಾಗ ಅಷ್ಟು ಮರ್ಯಾದಸ್ಥನಾಗಿದ್ದ ಹುರುಳಿಗೆ ಈಗ ಏನಾಗಿದೆಯೋ ತಿಳಿಯದು. ಒಂದಕ್ಕೆ ಎರಡಕ್ಕೆ ಎಲ್ಲಿ ಬೇಕಾದರಲ್ಲಿ ಕೂರುತ್ತದೆ. ದೇವರ ಮನೆಯ ಬಾಗಿಲ ಹಿಂದೆ ಒಂದು ದಿನ, ಇಸ್ತ್ರಿ ಮಾಡಿಟ್ಟ ಕೇದಾರನ ಅಂಗಿಗಳ ಮೇಲೆ ಇನ್ನೊಂದು ದಿನ. ಬೆಳಿಗ್ಗೆ ಬಾಗಿಲಿಗೆ ಬಿದ್ದ ಪೇಪರನ್ನು ನಾನು ಬಗ್ಗಿ ಎತ್ತಿಕೊಳ್ಳುವುದರೊಳಗೆ ಅದರ ಮೇಲೂ ಆಯಿತು. ಹೆಚ್ಚಾಗಿ ನಿನ್ನ ಬಟ್ಟೆಬರೆ ಇದ್ದ ಸಣ್ಣ ಕೋಣೆಯ ಹೊಸ್ತಿಲಲ್ಲಿ. ಮಡಿಯುಟ್ಟು ಅದನ್ನು ಬಳಿದು, ಮತ್ತೆ ಸ್ನಾನ ಮಾಡಿ, ಮತ್ತೆ ಮಡಿಯುಟ್ಟು ಸಾಕಾಗಿದೆ.

ಕೇದಾರ, “ಹೊಳೆ ಆಚೆ ಬಿಟ್ಟು ಬಂದ್ಬಿಡ್ತೀನಮ್ಮ” ಎಂದ. ಹಂಸಳನ್ನು ಒಂದು ಮಾತು ಕೇಳುವ ತನಕ ಮುಟ್ಟಬೇಡ ಎಂದಿದ್ದೇನೆ.

ಅದು ಕೂರುತ್ತಿದ್ದ ಆ ಟ್ರೇಗೆ ನೀನು ಏನು ಹಾಕುತ್ತಿದ್ದೆ? ಯಾವಾಗ ಬಳಿಯುತ್ತಿದ್ದೆ? ಒಂದೇ ಮನೆಯಲ್ಲಿದ್ದೂ ನಾನು ನೋಡಲಿಲ್ಲ. ವಾಸನೆ ಬರುತ್ತಿರಲಿಲ್ಲ, ಹಾಗಾಗಿ ನೋಡುವ ಪ್ರಸಂಗವೂ ಬರಲಿಲ್ಲ.

ಇಂತು,
ಸರಸ


ಚನ್ನರಾಯಪಟ್ಟಣ
೧೯ ಜೂನ್ ೨೦೨೩

ಅತ್ತೆಯವರಿಗೆ ಹಂಸಳ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ನನ್ನಿಂದ ನಿಮಗೆ ತೊಂದರೆಯಾಗಿದೆ, ಕ್ಷಮಿಸಿ. ಹುರುಳಿಯನ್ನು ನನ್ನ ಜೊತೆಗೇ ಕರೆದುಕೊಂಡು ಬರಬೇಕಿತ್ತು. ಆದರೆ ನಾನಿರುವುದು ಮಹಡಿಯ ಮೇಲೆ ಒಂದೇ ಕೋಣೆಯ ಮನೆ. ಕೆಳಗೆ ಮಾಲೀಕರಾದ ಕಮಲಾಕ್ಷಮ್ಮನವರ ಕೊಬ್ಬರಿ ಗೋಡೌನು. ಬಂದ ದಿನವೇ ಕೇಳಿದ್ದೆ. “ಬೆಕ್ಕು ಗಿಕ್ಕು ಆಗಕಿಲ್ಲ ಕಣವ್ವ, ಮೆಟ್ಲೆಲ್ಲಾ ನಾತ ಒಡೀತದೆ” ಎಂದುಬಿಟ್ಟರು.

ಟ್ರೇಗೆ ಹಾಕುತ್ತಿದ್ದುದು ಹೊಳೆ ಮರಳು. ಪಕ್ಕದವರು ಮನೆ ಕಟ್ಟುವಾಗ ಉಳಿದಿದ್ದನ್ನು ಕೇಳಿ ತಂದು, ಜರಡಿ ಹಿಡಿದು ಡ್ರಮ್ಮಿನಲ್ಲಿ ಇಟ್ಟಿದ್ದೆ. ಈಗ ಮುಗಿದಿರಬೇಕು. ಬೆಳಿಗ್ಗೆ ನೀವೆಲ್ಲ ಏಳುವ ಮೊದಲು ಒಮ್ಮೆ, ಸಂಜೆ ಕೆಲಸದಿಂದ ಬಂದ ಮೇಲೆ ಒಮ್ಮೆ ಬಳಿಯುತ್ತಿದ್ದೆ. ಟ್ರೇ ತೊಳೆಯಲು ಬಿಸಿನೀರು ಮಾತ್ರ. ಫಿನಾಯಿಲ್ ಹಾಕಬೇಡಿ. ಅದು ಬೆಕ್ಕುಗಳಿಗೆ ವಿಷ, ಆ ವಾಸನೆ ಬಂದ ಕಡೆ ಅವನು ಕೂರುವುದೂ ಇಲ್ಲ.

ಟ್ರೇ ಹಿಂದಿನ ಜಗಲಿಯಲ್ಲೇ ಇದೆಯೇ? ಜಾಗ ಬದಲಾಯಿಸಿದರೆ ಅವನಿಗೆ ಆಗುವುದಿಲ್ಲ.

ಹೊಳೆ ಆಚೆ ಬಿಡಬೇಡಿ ಎಂದು ದಯವಿಟ್ಟು ಅವರಿಗೆ ಹೇಳಿ. ಮನೆಯಲ್ಲಿ ಬೆಳೆದವನು, ನಾಯಿಗಳ ಮುಂದೆ ಒಂದು ದಿನವೂ ಉಳಿಯುವುದಿಲ್ಲ.

ನಮಸ್ಕಾರಗಳೊಂದಿಗೆ,
ಹಂಸ


ಹೊಳೆನರಸೀಪುರ
೨೪ ಜುಲೈ ೨೦೨೩

ಚಿ. ಹಂಸಳಿಗೆ ಆಶೀರ್ವಾದಗಳು.

ನೀನು ಕೇಳಿದ ಮೇಲೆ ಹೋಗಿ ನೋಡಿದೆ. ಜಗಲಿಯಲ್ಲಿ ಟ್ರೇ ಇರಲಿಲ್ಲ. ನೀನು ಹೋದ ವಾರವೇ ಕೇದಾರ ಅದನ್ನು ಎತ್ತಿ ಬಚ್ಚಲಮನೆಯಲ್ಲಿ ವಾಷಿಂಗ್ ಮಿಷನ್ನಿನ ಪಕ್ಕಕ್ಕೆ ತಳ್ಳಿದ್ದನಂತೆ. ಆ ಮಿಷನ್ನು ಬಟ್ಟೆ ಹಿಂಡುವಾಗ ನೆಲವೇ ಅದುರುತ್ತದೆ. ನನಗೆ ಸದ್ದು ಕೇಳಿಸದಿದ್ದರೂ ಪಾದಕ್ಕೆ ತಿಳಿಯುತ್ತದೆ. ಅಲ್ಲಿ ನಾನಾದರೂ ಕೂರುತ್ತಿರಲಿಲ್ಲ. ಫಿನಾಯಿಲ್ ಬಾಟಲಿಯನ್ನು ಅಟ್ಟಕ್ಕೆ ಹಾಕಿ ಟ್ರೇಯನ್ನು ವಾಪಸು ಜಗಲಿಗೆ ತಂದಿಟ್ಟೆ.

ಆದರೆ ಮರಳಿಗೆ ಎಲ್ಲಿ ಹೋಗಲಿ? ಆಟೋ ದ್ಯಾವಯ್ಯನನ್ನು ಕೇಳಿದೆ. “ಒಳೆ ಮರ್ಳು ಎಲ್ಲೈತೆ ಅಮ್ಮಾರೆ ಈಗ? ಒಂದು ಬೊಗ್ಸೆ ತಗುದ್ರೂ ಕೇಸಾಯ್ತದೆ. ಮಿಲ್ಲಲ್ಲಿ ಬತ್ತದ ಒಟ್ಟು ಸಿಕ್ತದೆ, ತಂದಾಕ್ಲಾ?” ಎಂದು ನನ್ನ ಕಿವಿಯ ಹತ್ತಿರ ಕೂಗಿದ. ಬೀದಿಯವರಿಗೆಲ್ಲ ನಮ್ಮ ಬೆಕ್ಕಿನ ಸಮಾಚಾರ ತಿಳಿಯಿತು. ಒಂದು ಚೀಲ ಹೊಟ್ಟು ತಂದುಕೊಟ್ಟ.

ಹೊಟ್ಟು ಹಾಕಿದ ದಿನ ಹುರುಳಿಗೆ ಬಹಳ ಸಂತೋಷವಾಯಿತು. ಒಳಗಿಳಿದು ಬುಗ್ಗೆ ಎದ್ದ ಹಾಗೆ ಕೆದರಿ, ಮೈಗೆಲ್ಲ ಮೆತ್ತಿಕೊಂಡು, ಹಾಗೇ ಬಂದು ನನ್ನ ಹಾಸಿಗೆಯ ಮೇಲೆ ಮೈ ಝಾಡಿಸಿತು. ಅಂದು ಊಟದಲ್ಲಿ ಕೇದಾರನ ಮೊಸರನ್ನದಲ್ಲಿ ಹೊಟ್ಟು ಸಿಕ್ಕಿತು. ಅವನು ಎರಡು ಬೆರಳಲ್ಲಿ ತೆಗೆದು ತಟ್ಟೆಯ ಅಂಚಿಗಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಇನ್ನೊಂದು ವಿಚಿತ್ರ ಕೇಳು. ಮುಂಗಾಲು ಎರಡನ್ನೂ ಟ್ರೇಯೊಳಗಿಟ್ಟು, ಹಿಂಭಾಗವನ್ನು ಹೊರಗೇ ಬಿಟ್ಟು, ಎಲ್ಲವನ್ನೂ ನೆಲಕ್ಕೆ ಮಾಡುತ್ತದೆ. ಆಮೇಲೆ ಒಳಗಿನ ಹೊಟ್ಟನ್ನು ಎಷ್ಟೋ ಹೊತ್ತು ಶ್ರದ್ಧೆಯಿಂದ ಮುಚ್ಚುತ್ತದೆ. ಅಲ್ಲಿ ಮುಚ್ಚುವುದಕ್ಕೆ ಏನೂ ಇರುವುದಿಲ್ಲ. ಸಂಧ್ಯಾವಂದನೆ ಮರೆತು ಬರೀ ಆಚಮನ ಮಾಡಿ ಎದ್ದವರ ಹಾಗೆ ಗಂಭೀರವಾಗಿ ನಡೆದು ಹೋಗುತ್ತದೆ. ನೋಡಿ ನಗು ಬಂತು. ಪಕ್ಕದಲ್ಲಿ ಯಾರೂ ಇರಲಿಲ್ಲವಾದ್ದರಿಂದ ನಗು ಅಲ್ಲಿಗೇ ನಿಂತಿತು.

ಏನು ಮಾಡಲಿ, ಬರೆ.

ಸರಸ


ಚನ್ನರಾಯಪಟ್ಟಣ
೬ ಆಗಸ್ಟ್ ೨೦೨೩

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಲ್ಯಾಬಿನಲ್ಲಿ ಓದಿ ಗಟ್ಟಿಯಾಗಿ ನಕ್ಕುಬಿಟ್ಟೆ. ರಕ್ತ ಕೊಡಲು ತೋಳು ಚಾಚಿ ಕೂತಿದ್ದವರು ಹೆದರಿದರು. ಈ ಊರಿಗೆ ಬಂದ ಮೇಲೆ ನಾನು ನಕ್ಕಿದ್ದು ಕಡಿಮೆ.

ಈ ಕಾಗದದ ಜೊತೆಗೇ ಮೂಟೆಯೊಂದನ್ನು ಹೊಳೆನರಸೀಪುರದ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ್ದೇನೆ. ದ್ಯಾವಯ್ಯನವರು ಇಳಿಸಿಕೊಂಡು ಬರುತ್ತಾರೆ. ಅದರಲ್ಲಿರುವುದು ತೆಂಗಿನ ನಾರಿನ ಪುಡಿ. ಇಲ್ಲಿ ನಾರು ಬಿಡಿಸುವ ಕಡೆ ಗುಡ್ಡೆ ಗುಡ್ಡೆ ಬಿದ್ದಿರುತ್ತದೆ. ಒಂದು ವಾರ ಮಹಡಿಯ ಮೇಲೆ ಹರಡಿ ಒಣಗಿಸಿದೆ. ಹೀರಿಕೊಳ್ಳುತ್ತದೆ, ವಾಸನೆ ಹಿಡಿಯುತ್ತದೆ, ಕಾಲಿಗೆ ಹೊಟ್ಟಿನಷ್ಟು ಅಂಟುವುದಿಲ್ಲ.

ಹೊರಗೆ ಮಾಡುವುದು ಅವನ ಹಳೇ ಚಾಳಿ. ಮುಂಗಾಲು ಒಳಗಿದ್ದರೆ ತಾನು ಪೂರ್ತಿ ಒಳಗಿದ್ದೇನೆ ಎಂದುಕೊಳ್ಳುತ್ತಾನೆ. ಬೆಳೆದಿದ್ದಾನಲ್ಲ, ಆ ಟ್ರೇ ಅವನಿಗೆ ಚಿಕ್ಕದಾಗಿದೆ. ಬಟ್ಟೆ ನೆನೆಸುವ ನೀಲಿ ಬೇಸಿನ್ನು ಇಡಿ, ಅಂಚು ಎತ್ತರವಿದೆ.

ಇನ್ನೊಂದು ವಿಷಯ ಹೇಳಲೋ ಬೇಡವೋ ಎಂದು ಯೋಚಿಸಿದೆ. ಅವನಿಗೆ ಒಬ್ಬನೇ ಕೂರಲು ಭಯ. ಮರಿಯಾಗಿದ್ದಾಗಿಂದ ಹೀಗೆ. ಯಾರಾದರೂ ಹತ್ತಿರವಿದ್ದು, ಅವನ ಕಡೆ ನೋಡದೆ ಸುಮ್ಮನೆ ಕೂತಿದ್ದರೆ ಹೋಗುತ್ತಾನೆ. ರಾತ್ರಿ ಊಟದ ಪಾತ್ರೆ ತೊಳೆದ ಮೇಲೆ ನಾನು ಜಗಲಿಯಲ್ಲಿ ಕೂರುತ್ತಿದ್ದುದು ಅದಕ್ಕೇ. ಹಂಸ ಮುನಿಸಿಕೊಂಡು ಹೋಗಿ ಕೂತಿದ್ದಾಳೆ ಎಂದು ನೀವು ಅಂದುಕೊಂಡಿದ್ದು ನನಗೆ ಗೊತ್ತು. ಮೊದಮೊದಲು ಬೆಕ್ಕಿಗಾಗಿಯೇ ಕೂರುತ್ತಿದ್ದೆ.

ಅವನು ಗಂಡು ಬೆಕ್ಕು. ಮತ್ತೆ ಮತ್ತೆ ಕೂತು, ಮುಕ್ಕಿರಿದರೂ ಬರದಿದ್ದರೆ, ಅಥವಾ ಹನಿ ಕೆಂಪಗೆ ಕಂಡರೆ ಒಂದು ಗಳಿಗೆಯೂ ಕಾಯಬೇಡಿ. ನಾಳೆ ನೋಡೋಣ ಎನ್ನಬೇಡಿ. ದಿನವಿಡೀ ಊರವರ ಮೂತ್ರ ನೋಡುವವಳ ಮಾತು ಇದು, ನಂಬಿ.

ನಿಮ್ಮ ಕಿವಿಗೆ ಬೇರೆ ಡಾಕ್ಟರನ್ನು ತೋರಿಸಬಾರದೇ?

ಹಂಸ


ಹೊಳೆನರಸೀಪುರ
೨೯ ಆಗಸ್ಟ್ ೨೦೨೩

ಚಿ. ಹಂಸಳಿಗೆ ಆಶೀರ್ವಾದಗಳು.

ಮೂಟೆ ಬಂತು. ಬೇಸಿನ್ನಿಗೆ ಹಾಕಿ, ಮಣೆ ತಂದುಕೊಂಡು ಪಕ್ಕದಲ್ಲಿ ಕೂತೆ. ನೀನು ಹೇಳಿದ ಹಾಗೆ ಅವನ ಕಡೆ ನೋಡದೆ ಹೂವಿನ ಗಿಡ ನೋಡುತ್ತಾ ಕೂತೆ. ಮೊದಲ ದಿನ ಮೂಸಿ ಹೋದ. ಎರಡನೆಯ ದಿನ ನನ್ನ ಸೆರಗಿನ ಮೇಲೆ ಮಲಗಿದ. ಆಮೇಲೊಂದು ದಿನ ಸರಿಯಾಗಿ ಒಳಗಿಳಿದು, ಕೂತು, ಮುಚ್ಚಿ, ಎದ್ದು ಹೋದ. ನನಗೆ ಏನೋ ಗೆದ್ದ ಹಾಗಾಯಿತು. ಒಳಗೆ ಹೋಗಿ ಕೇದಾರನಿಗೆ ಹೇಳಿದೆ. “ಹೂಂ” ಅಂದ. ತುಟಿಯಿಂದ ತಿಳಿಯಿತು.

ಈಗ ಊಟವಾದ ಮೇಲೆ ದಿನಾ ಅಲ್ಲಿ ಕೂರುತ್ತೇನೆ. ಅಲ್ಲಿಂದ ಅಡುಗೆಮನೆಯ ಕಿಟಕಿ, ಅದರಾಚೆ ನಡುಮನೆಯ ದೀಪ, ಊಟದ ಮೇಜಿನ ಮುಂದೆ ಕೇದಾರನ ಬೆನ್ನು ಕಾಣುತ್ತದೆ. ಅವನು ಫೋನು ನೋಡುತ್ತಿರುತ್ತಾನೆ. ಎದ್ದು ದೀಪ ಆರಿಸಿ ಕೋಣೆಗೆ ಹೋಗುತ್ತಾನೆ. ಹೊರಗೆ ಒಬ್ಬರು ಕೂತಿದ್ದಾರೆ ಎಂಬುದು ಒಳಗಿನವರಿಗೆ ಕಾಣುವುದಿಲ್ಲ. ಒಳಗಿನದೆಲ್ಲ ಹೊರಗಿನವರಿಗೆ ಕಾಣುತ್ತದೆ.

ನಿಮ್ಮ ಮಾವನವರದೂ ಮಾತು ಕಡಿಮೆ. ನೀನು ಬರುವ ಹೊತ್ತಿಗೆ ಅವರಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ದಣಿದು ಬರುತ್ತಾರೆ, ಮನೆಯಲ್ಲಿ ಮಾತಿಗೆ ಎಲ್ಲಿ ಶಕ್ತಿ ಎಂದುಕೊಳ್ಳುತ್ತಿದ್ದೆ. ಶಾಂತ ಸ್ವಭಾವ ಎಂದು ಎಲ್ಲರ ಮುಂದೆ ಹೊಗಳುತ್ತಿದ್ದೆ. ಹಾಗೆ ಹೇಳಿಕೊಂಡೇ ಒಂದು ಆಯುಸ್ಸು ಕಳೆಯಿತು. ಕಿವಿ ಹೋದಾಗ ಊರವರೆಲ್ಲ ಪಾಪ ಎಂದರು. ಮನೆಯೊಳಗೆ ನನಗೆ ಅಂಥ ವ್ಯತ್ಯಾಸವೇನೂ ತಿಳಿಯಲಿಲ್ಲ.

ನಾರಿನ ಪುಡಿ ಮುಗಿಯುತ್ತಾ ಬಂದಿದೆ. ಕಳಿಸುವುದು ಕಷ್ಟವಾದರೆ ಬೇಡ.

ಸರಸ


ಚನ್ನರಾಯಪಟ್ಟಣ
೨೨ ನವೆಂಬರ್ ೨೦೨೩

ಅತ್ತೆಯವರಿಗೆ ನಮಸ್ಕಾರಗಳು.

ಹೀಗೆ ಬರೆಯುವ ಹಕ್ಕು ಮೊನ್ನೆಗೆ ಮುಗಿಯಿತೇನೋ. ಆದರೆ ನಿಮ್ಮನ್ನು ಬೇರೆ ಏನೆಂದು ಕರೆಯುವುದು? ‘ಸರಸಮ್ಮನವರೇ’ ಎಂದು ಬರೆದು ನೋಡಿದೆ. ಯಾರೋ ಪೇಷೆಂಟನ್ನು ಕೂಗಿದ ಹಾಗಿತ್ತು.

ಹಾಸನದ ಕೋರ್ಟಿನಲ್ಲಿ ಹೆಚ್ಚು ಹೊತ್ತಾಗಲಿಲ್ಲ. ಇಬ್ಬರೂ ಒಪ್ಪಿ ಬಂದಿದ್ದೀರಾ ಎಂದು ಜಡ್ಜ್ ಮೇಡಂ ಕೇಳಿದರು. ಇಬ್ಬರೂ ಒಟ್ಟಿಗೆ ಹೌದು ಎಂದೆವು. ಅವರೂ ನಾನೂ ಒಂದೇ ಮಾತನ್ನು ಒಂದೇ ಸಲ ಹೇಳಿದ್ದು ಅದೇ ಮೊದಲು. ಹೊರಗೆ ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದೆವು. ಅವರ ಕಪ್ಪು ಪ್ಯಾಂಟಿನ ಮೇಲೆ ಹುರುಳಿಯ ಕೂದಲು ಕಂಡಿತು. ಕೊಡವಲು ಕೈ ಮುಂದಾಯಿತು, ತಡೆದುಕೊಂಡೆ. “ಬಸ್ಸಿಗೆ ಬಿಡ್ಲಾ?” ಎಂದು ಕೇಳಿದರು. ಬೇಡ ಎಂದೆ. ಆಟೋದಲ್ಲಿ ಬಂದೆ.

ಅವರು ಕೆಟ್ಟವರಲ್ಲ. ಇದನ್ನು ಯಾರಿಗೂ ತಿಳಿಸಿ ಹೇಳಲಾರೆ. ಲ್ಯಾಬಿನಲ್ಲಿ ಹುಡುಗಿಯರು ಕೇಳುತ್ತಾರೆ, ಹೊಡೀತಿದ್ರಾ, ಕುಡೀತಿದ್ರಾ ಎಂದು. ಎರಡೂ ಇಲ್ಲವೆಂದರೆ ತಪ್ಪು ನನ್ನದೇ ಎಂಬ ಹಾಗೆ ನೋಡುತ್ತಾರೆ.

ಇನ್ನೆರಡು ಮೂಟೆ ಕಳಿಸಿದ್ದೇನೆ. ಬೇಸಗೆಯ ತನಕ ಸಾಕಾಗಬಹುದು. ಕಷ್ಟವೇನೂ ಇಲ್ಲ. ಭಾನುವಾರ ಬೇರೆ ಕೆಲಸವಿರುವುದಿಲ್ಲ.

ಹಂಸ


ಹೊಳೆನರಸೀಪುರ
೧೧ ಜನವರಿ ೨೦೨೪

ಚಿ. ಹಂಸಳಿಗೆ,

ಮೊದಲೇ ಹೇಳಿಬಿಡುತ್ತೇನೆ, ಹುರುಳಿ ಬದುಕಿದ್ದಾನೆ. ಈಗ ನನ್ನ ಕಾಲ ಬಳಿ ಬಿಸಿಲು ಕಾಯಿಸುತ್ತಿದ್ದಾನೆ. ಇನ್ನು ನಿಧಾನವಾಗಿ ಓದು.

ನಿನ್ನ ಹಿಂದಿನ ಕಾಗದಕ್ಕೆ ಉತ್ತರ ಬರೆಯಲಾಗಲಿಲ್ಲ. ಕೂತಾಗಲೆಲ್ಲ ಎದ್ದುಬಿಡುತ್ತಿದ್ದೆ.

ಸೋಮವಾರ ಬೆಳಿಗ್ಗೆ ಕೇದಾರ ಹಾಸನಕ್ಕೆ ಕಚೇರಿಗೆ ಹೋದ ಮೇಲೆ ಹುರುಳಿ ಬೇಸಿನ್ನಿಗೆ ಹೋದ, ಬಂದ. ಮತ್ತೆ ಹೋದ. ಪುಡಿ ಒಣಗಿದ ಹಾಗೇ ಇತ್ತು. ಆಮೇಲೆ ಅಡುಗೆಮನೆಯ ನಡುವೆ ಕೂತು ಬಾಯಿ ದೊಡ್ಡದಾಗಿ ತೆರೆದ. ಕೂಗುತ್ತಿದ್ದಾನೆ ಎಂದು ಬಾಯಿ ನೋಡಿ ತಿಳಿದುಕೊಂಡೆ. ನೆಲದ ಮೇಲೆ ಒಂದು ಹನಿ, ಕುಂಕುಮದ ನೀರಿನ ಹಾಗೆ. ನೀನು ಬರೆದದ್ದು ನೆನಪಾಯಿತು.

ತರಕಾರಿ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಹಳೇ ಪಂಚೆ ಕಟ್ಟಿ, ದ್ಯಾವಯ್ಯನ ಆಟೋದಲ್ಲಿ ಇಲ್ಲಿಯ ಪಶು ಆಸ್ಪತ್ರೆಗೆ ಹೋದೆ. ಅಲ್ಲಿಯ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಕಟ್ಟಿಕೊಂಡಿದೆ, ಹಾಸನಕ್ಕೇ ಹೋಗಬೇಕು ಎಂದರು. ದ್ಯಾವಯ್ಯ, “ಬಸ್ ಕಾಯದ್ಬ್ಯಾಡಿ ಅಮ್ಮಾರೆ, ಇಂಗೇ ಒಂಟೋಗನ ನಡೀರಿ” ಎಂದು ಆಟೋವನ್ನೇ ಹಾಸನಕ್ಕೆ ಬಿಟ್ಟ. ನಾನು ದಾರಿಯುದ್ದಕ್ಕೂ ಬುಟ್ಟಿಯೊಳಗೆ ಕೈ ಇಟ್ಟುಕೊಂಡಿದ್ದೆ. ಕೂಗು ಕೇಳಿಸದಿದ್ದರೂ ಅದು ಕೈಯಲ್ಲಿ ನಡುಗುತ್ತಿತ್ತು.

ಹಾಸನದ ದೊಡ್ಡ ಆಸ್ಪತ್ರೆಯಲ್ಲಿ ಎತ್ತು, ಕುರಿ, ನಾಯಿಗಳ ಸಾಲು. ಅಲ್ಲಿಯವನೊಬ್ಬ ಕಿವಿಯ ಹತ್ತಿರ ಬಂದು ಕೂಗಿದ: “ಯಾರ್ದಮ್ಮ ಬೆಕ್ಕು? ನಿಮ್ದಾ?”

“ನನ್ನ ಸೊಸೇದು” ಅಂದೆ.

“ಸೊಸೆ ಎಲ್ಲವ್ರೆ?”

“ಕೆಲಸಕ್ಕೆ ಹೋಗಿದಾಳೆ” ಅಂದೆ.

ಸುಳ್ಳು ಹೇಳಿದೆ ಅಂತ ಆಗ ಅನ್ನಿಸಲಿಲ್ಲ.

ಒಳಗೆ ಕರೆದುಕೊಂಡು ಹೋಗಿ ಮತ್ತು ಬರಿಸಿ ನಳಿಗೆ ಹಾಕಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ದ್ಯಾವಯ್ಯ ನನ್ನನ್ನು ಕೇಳದೆಯೇ ಕೇದಾರನಿಗೆ ಫೋನು ಮಾಡಿದ್ದನಂತೆ. ಮಧ್ಯಾಹ್ನ ತಲೆ ಎತ್ತಿದರೆ ಕೇದಾರ ಎದುರಿಗೆ ನಿಂತಿದ್ದ, ಕಚೇರಿಯ ಕಾರ್ಡು ಕೊರಳಲ್ಲೇ ಇತ್ತು. ಬಂದು ಪಕ್ಕದಲ್ಲಿ ಕೂತ. ಹುರುಳಿಯನ್ನು ಹೊರಗೆ ತಂದಾಗ ಇಬ್ಬರ ತೊಡೆಯ ಮೇಲೂ ಆಗುವ ಹಾಗೆ ಮಲಗಿಸಿದರು. ನಳಿಗೆಯಿಂದ ಕೇದಾರನ ಪ್ಯಾಂಟಿನ ಮೇಲೆಲ್ಲ ಸೋರಿತು. ಅವನು ಅಲುಗಾಡಲಿಲ್ಲ. ಎಷ್ಟೋ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ ಏನೋ ಹೇಳಿದ. ತಿಳಿಯಲಿಲ್ಲ. ಫೋನು ತೆಗೆದು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದ: ‘ಹಂಸಂಗೆ ತಿಳಿಸಿದ್ಯಾ?’

ಕಾಗದ ಬರೆಯುತ್ತೇನೆ ಎಂದೆ. ಅದೇ ಈ ಕಾಗದ.

ಮೂರು ದಿನ ಅಲ್ಲೇ ಇಟ್ಟುಕೊಂಡಿದ್ದರು. ಇನ್ನು ಮೇಲೆ ನೀರು ಹೆಚ್ಚು ಕುಡಿಸಬೇಕಂತೆ. ಅವನು ತೀರ್ಥ ಕುಡಿದ ಹಾಗೆ ಎರಡು ಸಲ ನೆಕ್ಕಿ ಬಿಡುತ್ತಾನೆ.

ಸರಸ


ಚನ್ನರಾಯಪಟ್ಟಣ
೧೬ ಜನವರಿ ೨೦೨೪

ಅತ್ತೆ,

ಕಾಗದ ಓದಿ ಸುಮ್ಮನೆ ಇರಲಾಗಲಿಲ್ಲ. ಆ ದಿನ ನಾನು ಇಲ್ಲಿ ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಯಾರದೋ ಸಕ್ಕರೆ, ಯಾರದೋ ಉಪ್ಪು ಅಳೆಯುತ್ತಿದ್ದೆ. ನನ್ನವರು ಅಂತ ಇರುವ ನೀವೂ ಹುರುಳಿಯೂ ಒಂದೇ ಆಟೋದಲ್ಲಿ ಹಾಸನಕ್ಕೆ ಹೋಗಿದ್ದೀರಿ, ನನಗೆ ಗೊತ್ತೇ ಇರಲಿಲ್ಲ.

ಕೊಡುವ ಅನ್ನವನ್ನು ನೀರಾಗಿ ಕಲಸಿ. ಕುಡಿಯುವ ನೀರನ್ನು ಬೇಸಿನ್ನಿನಿಂದ ದೂರ ಇಡಿ. ಅಗಲ ಬಾಯಿಯ ಪಾತ್ರೆಯಾಗಬೇಕು, ಮೀಸೆ ತಾಗಿದರೆ ಕುಡಿಯುವುದಿಲ್ಲ.

ಅವರು ನಿಜವಾಗಿ ಕೇಳಿದರೇ?

ಹಂಸ


ಹೊಳೆನರಸೀಪುರ
೨೭ ಫೆಬ್ರವರಿ ೨೦೨೪

ಚಿ. ಹಂಸಳಿಗೆ ಆಶೀರ್ವಾದಗಳು.

ನಿಜವಾಗಿ ಕೇಳಿದ.

ಈಗ ಬರೆಯಬೇಕಾದ್ದನ್ನು ಬರೆಯುತ್ತೇನೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ತಳ್ಳುತ್ತಾ ಬಂದೆ. ಕೇದಾರನಿಗೆ ಅರಕಲಗೂಡಿನ ಒಂದು ಸಂಬಂಧ ಕೂಡಿಬಂದಿದೆ. ಹುಡುಗಿಯ ಹೆಸರು ಆರತಿ. ಅವಳಿಗೂ ಎರಡನೆಯದು. ಮೊದಲಿನವರು ತೀರಿಕೊಂಡರಂತೆ. ಶಾಲೆಯಲ್ಲಿ ಟೀಚರು. ಮೊನ್ನೆ ಬಂದಿದ್ದಳು. ನನ್ನ ಎದುರಿಗೆ ಕೂತು, ಮುಖ ನನ್ನ ಕಡೆ ಮಾಡಿ, ತುಟಿ ಕಾಣುವ ಹಾಗೆ ನಿಧಾನವಾಗಿ ಮಾತಾಡಿದಳು. ಅವಳ ಮೇಲೆ ಒಂದು ಮಾತು ಕೆಟ್ಟದ್ದು ಹುಡುಕಿದೆ, ಸಿಗಲಿಲ್ಲ.

ಹುರುಳಿ ಬಂದು ಅವಳ ಸೀರೆಯ ನೆರಿಗೆ ಮೂಸಿದ. ಐದು ನಿಮಿಷಕ್ಕೆ ಅವಳಿಗೆ ಉಸಿರು ಹತ್ತಿತು. ಉಬ್ಬಸ. ಬೆಕ್ಕಿನ ಕೂದಲು ಆಗುವುದಿಲ್ಲವಂತೆ. ಹೊರಗೆ ಹೋಗಿ ಔಷಧಿ ಏನೋ ಸೇದಿಕೊಂಡು ಬಂದು, “ಪರವಾಗಿಲ್ಲಮ್ಮ, ಅಭ್ಯಾಸ ಮಾಡ್ಕೋತೀನಿ” ಎಂದಳು. ಕಣ್ಣು ಕೆಂಪಗಾಗಿತ್ತು. ಪಾಪ, ಉಸಿರು ಕಟ್ಟುವುದನ್ನು ಅಭ್ಯಾಸ ಮಾಡಿಕೋ ಎಂದು ಇನ್ನೊಬ್ಬಳಿಗೆ ನಾನು ಹೇಳಲಾರೆ.

ದ್ಯಾವಯ್ಯ ಕಟ್ಟಾಯದಲ್ಲಿ ತನ್ನ ತಂಗಿಯ ತೋಟದ ಮನೆಗೆ ಬಿಡುತ್ತೇನೆ ಎನ್ನುತ್ತಾನೆ. ಅಲ್ಲಿ ಬೇಸಿನ್ನಿನ ಪಕ್ಕ ಯಾರು ಕೂರುತ್ತಾರೆ? ಮೊದಲು ನಿನ್ನನ್ನು ಕೇಳುತ್ತಿದ್ದೇನೆ.

ಸರಸ


ಚನ್ನರಾಯಪಟ್ಟಣ
೧೦ ಮಾರ್ಚ್ ೨೦೨೪

ಅತ್ತೆಯವರಿಗೆ ನಮಸ್ಕಾರಗಳು.

ಆರತಿಯವರ ವಿಷಯ ಓದಿದೆ. ಒಳ್ಳೆಯದಾಗಲಿ. ಇದಕ್ಕಿಂತ ಹೆಚ್ಚು ಬರೆಯಲು ಎರಡು ದಿನ ಪ್ರಯತ್ನಿಸಿದೆ, ಆಗಲಿಲ್ಲ.

ಹುರುಳಿ ಕಟ್ಟಾಯಕ್ಕೆ ಹೋಗುವುದು ಬೇಡ. ಕಮಲಾಕ್ಷಮ್ಮನವರನ್ನು ಮತ್ತೆ ಕೇಳಿದೆ. ಈ ಸಲ ಅವರು ಗೋಡೌನಿನ ಮುಂದೆ ಇಲಿ ಕಡಿದ ಚೀಲ ಹಿಡಿದುಕೊಂಡು ಕೂತಿದ್ದರು.

“ಇಲಿ ಇಡೀತದಾ ಅದು?”

ಸುಳ್ಳು ಹೇಳಬಹುದಿತ್ತು. “ಇಲ್ಲ ಕಮಲಾಕ್ಷಮ್ಮ, ಅವನು ಬರೀ ನೋಡ್ತಾನೆ” ಎಂದೆ.

“ನೋಡ್ಲಿ ಬುಡು. ನನ್ ಯಜಮಾನ್ರೂ ಗೋಡೌನಲ್ಲಿ ಕುಂತ್ಕಂಡು ಬರೀ ನೋಡ್ತಾನೇ ಇದ್ರು. ಅಂಗಿದ್ರೂ ಒಬ್ಬ ಕಳ್ಳ ಬತ್ತಿರ್ಲಿಲ್ಲ” ಎಂದರು. ಚೀಲವನ್ನು ಮಡಚಿಟ್ಟು, “ಮೆಟ್ಲ ಮೇಲೆ ನಾತ ಬಂದ್ರೆ ಮಾತ್ರ ನೀನೂ ಇಲ್ಲ, ಅದೂ ಇಲ್ಲ ಕಣವ್ವ” ಎಂದೂ ಸೇರಿಸಿದರು.

ಹಾಗಾಗಿ ಕಳಿಸಿ. ಕಂಡಕ್ಟರ್ ಕೈಲಿ ಬೇಡ. ನಿಮಗೆ ಆಗುವುದಾದರೆ ನೀವೇ ಬನ್ನಿ. ಒಂದು ರಾತ್ರಿ ಇದ್ದು ಹೋಗಿ. ಮಂಚ ಒಂದೇ ಇದೆ, ನಾನು ಕೆಳಗೆ ಮಲಗುತ್ತೇನೆ.

ಹಂಸ


ಹೊಳೆನರಸೀಪುರ
೨ ಏಪ್ರಿಲ್ ೨೦೨೪

ಚಿ. ಹಂಸಳಿಗೆ ಆಶೀರ್ವಾದಗಳು.

ನಿನ್ನೆ ನೀನು ಬಸ್ಸು ಹತ್ತಿಸಿದ ಮೇಲೆ ಕಿಟಕಿಯ ಕೆಳಗೆ ನಿಂತು ಏನೋ ಹೇಳುತ್ತಿದ್ದೆ. ಬಿಸಿಲು ನಿನ್ನ ಬೆನ್ನಿಗಿತ್ತು, ತುಟಿ ಕಾಣಲಿಲ್ಲ. ಸುಮ್ಮನೆ ತಲೆಯಾಡಿಸಿಬಿಟ್ಟೆ. ಏನು ಹೇಳಿದೆ ಎಂದು ಬರೆ.

ನಿನ್ನ ಕೋಣೆ ನೋಡಿಕೊಂಡು ಬಂದೆ. ಚೊಕ್ಕಟವಾಗಿದೆ. ಒಂದು ತಟ್ಟೆ, ಒಂದು ಲೋಟ ಎದ್ದು ಕಾಣುತ್ತಿದ್ದವು. ನಾನು ಬರುತ್ತೇನೆಂದು ಇನ್ನೊಂದು ತಟ್ಟೆ ಹೊಸದಾಗಿ ತಂದಿದ್ದೆ, ಅದರ ಚೀಟಿಯನ್ನು ಪೂರ್ತಿ ಕಿತ್ತಿರಲಿಲ್ಲ. ಊಟ ಮಾಡುವಾಗ ನೋಡಿದೆ, ಹೇಳಲಿಲ್ಲ. ರಾತ್ರಿ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಕಾಗದದಲ್ಲಿ ಇಷ್ಟು ಬರೆದವರಿಗೆ ಎದುರಾಬದುರು ಕೂತಾಗ ನಾಚಿಕೆಯಾಯಿತು. ಹುರುಳಿ ಮಂಚದ ಕೆಳಗಿನಿಂದ ಹೊರಗೆ ಬರಲೇ ಇಲ್ಲ. ಬೆಳಿಗ್ಗೆ ಏಳುವಾಗ ನಿನ್ನ ಹೊದಿಕೆಯ ಮೇಲೆ ಮಲಗಿದ್ದ.

ಇಲ್ಲಿ ಬಂದು ಇಳಿದಾಗ ಕೇದಾರ ಬಸ್ ಸ್ಟ್ಯಾಂಡಿಗೆ ಬಂದಿದ್ದ. ನಾನು ಬರಹೇಳಿರಲಿಲ್ಲ. ಬುಟ್ಟಿ ಇಸಿದುಕೊಂಡ. ಹತ್ತು ಹೆಜ್ಜೆ ನಡೆದು ನಿಂತ. “ಹಂಸ ಹೇಗಿದಾಳೆ?” ಎಂದ. ತುಟಿ ಚೆನ್ನಾಗಿಯೇ ಕಾಣಿಸಿತು, ತಿಳಿಯಿತು. ಆದರೂ “ಏನಂದೆ?” ಅಂದೆ.

ಮತ್ತೆ ಹೇಳಿದ. ನಾನು ಕಿವಿಗೆ ಕೈ ಹಿಡಿದು, “ಕೇಳಿಸ್ಲಿಲ್ಲ ಕಣೋ” ಅಂದೆ.

ಅತ್ತಿತ್ತ ನೋಡಿದ. ಬಸ್ಸು ಕಾಯುವವರು, ಹೂವಿನವಳು, ಕಡಲೆಕಾಯಿಯವನು ಎಲ್ಲ ಇದ್ದರು. ಹೋಗಲಿ ಬಿಡು ಎಂದು ನಡೆದುಬಿಡುತ್ತಾನೆ ಎಂದುಕೊಂಡೆ. ಇಲ್ಲ. ಬಗ್ಗಿ, ಕೊರಳ ನರ ಉಬ್ಬುವ ಹಾಗೆ ಕೂಗಿದ: “ಹಂಸ ಹೇಗಿದಾಳೆ ಅಂದೆ!”

ಅದು ನನಗೆ ಕಿವಿಯಲ್ಲೇ ಕೇಳಿಸಿತು ಹಂಸ. ಅವನ ದನಿ ಹೇಗಿತ್ತೆಂಬುದೇ ಮರೆತುಹೋಗಿತ್ತು. ಹೂವಿನವಳು ಕಟ್ಟುವುದನ್ನು ನಿಲ್ಲಿಸಿ ನೋಡಿದಳು. ಕೇದಾರನ ಮುಖ ಕೆಂಪಾಗಿತ್ತು, ಕಣ್ಣು ತುಂಬಿತ್ತು.

“ಒಬ್ಬಳೇ ಇದಾಳೆ” ಅಂದೆ. ಚೆನ್ನಾಗಿದ್ದಾಳೆ ಎನ್ನಲು ಬಾಯಿ ಬರಲಿಲ್ಲ.

ಮನೆಗೆ ಬಂದೆವು. ಬಾಗಿಲ ಬೀಗ ತೆಗೆಯುವಾಗ ನಾನೇ ಹೇಳಿದೆ. “ಮುಂದಿನ ತಿಂಗಳು ಆರತಿ ಬರ್ತಾಳೆ. ಅವಳ ಕಿವಿ ಚೆನ್ನಾಗಿದೆ. ಅಷ್ಟು ಜೋರಾಗಿ ಬೇಡ, ಆದರೆ ಮಾತಾಡು.”

ತಲೆಯಾಡಿಸಿದ.

“ತಲೆ ಆಡಿಸಬೇಡ. ಬಾಯಲ್ಲಿ ಹೇಳು” ಅಂದೆ.

“ಆಯ್ತಮ್ಮ” ಅಂದ.

ಇಷ್ಟೇ ಸಮಾಚಾರ. ಬೆಕ್ಕು ಈಗ ನಿನ್ನ ಹತ್ತಿರ ಇದೆ, ಇನ್ನು ಕಾಗದ ಮೊದಲು ಬರೆಯಬೇಕಾದವಳು ನೀನು. ಹೊಸ ಜಾಗದಲ್ಲಿ ಎಲ್ಲಿ ಕೂರುತ್ತಾನೆ, ಮೆಟ್ಟಿಲು ಕೆಡಿಸಿದನೇ, ಎಲ್ಲ ಬರೆ. ವಿಳಾಸದಲ್ಲಿ ನನ್ನ ಹೆಸರೇ ಬರೆ, ದಪ್ಪ ಅಕ್ಷರದಲ್ಲಿ. ಇದು ನನ್ನ ಮನೆ, ನನ್ನ ಕಾಗದ ನನಗೇ ಬರುತ್ತದೆ.

ನಿನ್ನ ಅತ್ತೆ,
ಸರಸ